ಏನು ಕೊಡಬೇಕು ಎಂದು ಕೇಳುವ ಮೊದಲು ಮಗುವಿನ ಅಂಗಿ ಬಿಚ್ಚಿ ನೋಡಿ

ದೊಡ್ಡ ಮಗುವನ್ನು ಜೂನ್‌ನಲ್ಲಿ ಪ್ಲೇಸ್ಕೂಲಿಗೆ ಸೇರಿಸಿದಿರಿ, ದೀಪಾವಳಿಯಿಂದೀಚೆಗೆ ಮನೆಯಲ್ಲಿ ಯಾರಾದರೊಬ್ಬರು ಮಲಗಿಯೇ ಇದ್ದಾರೆ, ಈಗ ಐದು ತಿಂಗಳ ಕೂಸಿಗೂ ಕೆಮ್ಮು ಹತ್ತಿಕೊಂಡಿದೆ. ರೋಗನಿರೋಧಕ ಶಕ್ತಿ ಹೆಚ್ಚಲು ಏನು ಕೊಡಬೇಕು, ಶಾಲೆ ಬಿಡಿಸಲೇ ಎಂದು ಕೇಳಿದ್ದೀರಿ. ನೀವು ಬರೆದಿರುವುದು ನಿಮ್ಮ ಮನೆಯ ಕಥೆಯೋ ನಮ್ಮದೋ ಎಂದು ಒಂದು ಕ್ಷಣ ಅನುಮಾನವಾಯಿತು.

ನಮ್ಮದು ಸಕಲೇಶಪುರದ ಕಡೆ. 2022ರ ಚಳಿಗಾಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ, ಆಗ ಹೆರಿಗೆ ರಜೆಯಲ್ಲಿದ್ದೆ. ಮನೆಯವರಿಗೆ ಕಾಫಿ ಕುಯ್ಲಿನ ಕಾಲ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಮನೆ. ಮೊದಲು ದೊಡ್ಡವಳಿಗೆ ಮೂಗು ಸೋರಿತು. ಅವಳಿಂದ ನನಗೆ, ನನ್ನಿಂದ ಮನೆಯವರಿಗೆ. ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ಅತ್ತೆಗೆ ಗಂಟಲು ಕಟ್ಟಿತು. ಅತ್ತೆ ಎದ್ದು ಓಡಾಡುವ ಹೊತ್ತಿಗೆ ದೊಡ್ಡವಳು ಶಾಲೆಯಿಂದ ವಾಂತಿಭೇದಿ ತಂದಳು. ಮಲೆನಾಡಿನ ಮಂಜಿನಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಸಿಗೆಯ ಹೊದಿಕೆಗಳನ್ನು ಒಣಗಿಸುತ್ತಿದ್ದೆವು. ರಾತ್ರಿ ಅದೇ ಹೊಗೆವಾಸನೆಯ ಹೊದಿಕೆ ಹಾಸುವುದು, ಅವಳು ಮತ್ತೆ ಅದರ ಮೇಲೇ ವಾಂತಿ ಮಾಡುವುದು, ನಡುರಾತ್ರಿ ನಾನು ಮತ್ತು ಮನೆಯವರು ಯಾರು ಏಳಬೇಕೆಂದು ಜಗಳವಾಡುವುದು. ಇಬ್ಬರಿಗೂ ಜ್ವರವಿದ್ದ ರಾತ್ರಿಗಳಲ್ಲಿ ಜಗಳವಾಡುವ ಚೈತನ್ಯವೂ ಇರುತ್ತಿರಲಿಲ್ಲ.

ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಊರೆಲ್ಲ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಚ್ಯವನಪ್ರಾಶ ಬಂತು, ಸತುವಿನ ಸಿರಪ್ ಬಂತು, ಹಾಲಿಗೆ ಬೆರೆಸುವ ದುಬಾರಿ ಪುಡಿಯೊಂದು ಬಂತು. ದೊಡ್ಡಪತ್ರೆ ರಸ, ಮೆಣಸಿನ ಕಷಾಯ ಮನೆಯಲ್ಲೇ ಇದ್ದವು. ಕೂಸಿನ ಎದೆಗೆ ಎಣ್ಣೆ ಸವರಿ ಬಿಸಿ ಮಾಡಿದ ವೀಳ್ಯದೆಲೆ, ದಿಂಬಿನ ಪಕ್ಕ ಓಮ ಬೆಳ್ಳುಳ್ಳಿಯ ಗಂಟು. ದೊಡ್ಡವಳು ಇಷ್ಟನ್ನೂ ತಿಂದು ಕುಡಿದು ಮುಂದಿನ ವಾರ ಮತ್ತೆ ಮೂಗು ಸೋರಿಸಿಕೊಂಡು ಬಂದಳು. ಬರಲೇಬೇಕು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತವಾಗುವುದು ಸಾಮಾನ್ಯ, ಹೊಸದಾಗಿ ಶಾಲೆಗೆ ಹೋಗುವವರಿಗೆ ಇನ್ನೂ ಹೆಚ್ಚು. ಅದರಲ್ಲಿ ಬಹುಪಾಲು ಮಳೆಗಾಲ, ಚಳಿಗಾಲದಲ್ಲೇ ಒತ್ತೊತ್ತಾಗಿ ಬರುತ್ತವೆ. ಒಂದರ ಕೆಮ್ಮು ಪೂರ್ತಿ ಹೋಗಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಇನ್ನೊಂದು ಹಾಜರು. ಹಾಗಾಗಿ ತಿಂಗಳುಗಟ್ಟಲೆ ಒಂದೇ ಕಾಯಿಲೆ ವಾಸಿಯಾಗದೆ ಉಳಿದಂತೆ ತೋರುತ್ತದೆ. ಊಟ ಮಾಡುತ್ತ, ತೂಕ ಹೆಚ್ಚುತ್ತ ಇರುವ ಮಗುವಿಗೆ ‘ಶಕ್ತಿ ಕಡಿಮೆ’ ಎಂದು ಹೇಳಿ ಪುಡಿ ಮಾರುವವರ ಮಾತು ಕೇಳಬೇಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಏಕೆಂದರೆ ಇದನ್ನು ಮಾಡುವಾಗ ನಾನು ಬಹಳ ಜಾಗರೂಕಳಾಗಿದ್ದೇನೆ ಎಂದೇ ನಂಬಿದ್ದೆ.

ಡಿಸೆಂಬರ್‌ನಲ್ಲಿ ಚಿಕ್ಕವನಿಗೆ ನಾಲ್ಕು ತಿಂಗಳು. ಅಕ್ಕನ ಶೀತ ಅವನಿಗೂ ತಗುಲಿತು. ನಾನು ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ತರಿಸಿದ್ದೆ. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಗಂಟೆ, ಜ್ವರ, ಕೊಟ್ಟ ಔಷಧ ಎಲ್ಲವನ್ನೂ ಬರೆಯುತ್ತಿದ್ದೆ. ಮೇಷ್ಟರ ಬುದ್ಧಿ, ಅಂಕಪಟ್ಟಿ ಇಲ್ಲದಿದ್ದರೆ ಸಮಾಧಾನವಿಲ್ಲ. ಜ್ವರ ನೂರರ ಆಸುಪಾಸು ಬಂದು ಇಳಿಯಿತು. ಮೂರನೆಯ ದಿನ 99 ಚಿಲ್ಲರೆ. ಗುಣವಾಗುತ್ತಿದೆ ಎಂದುಕೊಂಡೆ. ಆದರೆ ಕೂಸಿನ ಎದೆಗೂಡಿನ ಸಣ್ಣ ಶ್ವಾಸನಾಳಗಳು ಊದಿಕೊಳ್ಳುವ ಕಾಯಿಲೆಗೆ, ಅಂದರೆ ಡಾಕ್ಟರರು ಬ್ರಾಂಕಿಯೋಲೈಟಿಸ್ ಎನ್ನುವುದಕ್ಕೆ, ಜ್ವರ ಜೋರಾಗಿ ಬರಲೇಬೇಕೆಂದಿಲ್ಲ. ಅದು ಬಿಗಡಾಯಿಸುವುದೇ ಮೂರನೆಯ ದಿನದಿಂದ ಐದನೆಯ ದಿನದೊಳಗೆ. ನನ್ನ ನೋಟ್‌ಬುಕ್‌ನಲ್ಲಿ ಜ್ವರ ಇಳಿಯುತ್ತಿದ್ದಾಗ ಅವನ ಉಸಿರು ಏರುತ್ತಿತ್ತು. ಉಸಿರಿಗೆ ನಾನು ಗೆರೆಯನ್ನೇ ಎಳೆದಿರಲಿಲ್ಲ.

ಕಣ್ಣೆದುರಿಗಿದ್ದದ್ದು ಏಕೆ ಕಾಣಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲನೆಯದಾಗಿ, ಅವನ ಎದೆಯೇ ನನಗೆ ಕಾಣುತ್ತಿರಲಿಲ್ಲ. ಒಳಗೆ ಜುಬ್ಬ, ಅದರ ಮೇಲೆ ಫ್ಲಾನೆಲ್ ಅಂಗಿ, ಮೇಲೆ ಅತ್ತೆ ಹೆಣೆದ ಸ್ವೆಟರ್, ಕುಲಾವಿ, ಎಲ್ಲದರ ಮೇಲೆ ಶಾಲು. ಚಳಿ ತಗುಲೀತೆಂದು ಸ್ನಾನವನ್ನೂ ನಿಲ್ಲಿಸಿದ್ದೆವು, ಇಲ್ಲದಿದ್ದರೆ ಬಟ್ಟೆ ಬಿಚ್ಚಿದಾಗಲಾದರೂ ಕಾಣುತ್ತಿತ್ತು. ನಿದ್ದೆ ಕೆಟ್ಟೀತೆಂದು ಕೋಣೆಯಲ್ಲಿ ಸಣ್ಣ ದೀಪ. ಉಸಿರಾಡುವಾಗ ಗೊರಗೊರ ಸದ್ದು ಬರುತ್ತಿತ್ತು, ಮೂಗು ಕಟ್ಟಿದೆ ಎಂದುಕೊಂಡೆವು. ಕಟ್ಟಿಯೂ ಇತ್ತು. ಹಾಲು ಕುಡಿಯಲು ಬಾಯಿ ಹಚ್ಚುತ್ತಿದ್ದ, ನಾಲ್ಕು ಗುಟುಕಿಗೆ ಬಿಟ್ಟು ಮುಖ ತಿರುಗಿಸುತ್ತಿದ್ದ. ನನಗೆ ಹಾಲು ಕಡಿಮೆಯಾಗಿದೆ ಎಂದು ಅತ್ತೆ, ಅವನಿಗೆ ಹಸಿವಿಲ್ಲ ಎಂದು ನಾನು. ಉಸಿರು ಹಿಡಿಯಲು ಪುರುಸೊತ್ತಿಲ್ಲದ ಕೂಸು ಹಾಲು ಹೇಗೆ ಕುಡಿದೀತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನದಿಂದ ಲಂಗೋಟಿ ಒದ್ದೆಯಾಗಿರಲಿಲ್ಲ. ಅದನ್ನು ನೋಡಿ, ಒಗೆಯುವ ರಾಶಿ ಒಂದಿಷ್ಟು ಕಡಿಮೆಯಾಯಿತೆಂದು ಒಳಗೊಳಗೇ ಖುಷಿಪಟ್ಟಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬೆಳಗಿನ ಜಾವ ಶಾಲಿನ ಮೇಲೆ ವಾಂತಿ ಮಾಡಿದ. ಬಟ್ಟೆ ಬದಲಿಸಲೆಂದು ದೊಡ್ಡ ದೀಪ ಹಾಕಿ ಒಂದೊಂದೇ ಬಿಚ್ಚಿದೆ. ಕೊನೆಯ ಜುಬ್ಬ ಎತ್ತಿದಾಗ, ಪ್ರತಿ ಸಲ ಉಸಿರೆಳೆದಾಗಲೂ ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ಕೂರುವಷ್ಟು ಗುಂಡಿ ಬೀಳುತ್ತಿತ್ತು. ಹೊಟ್ಟೆ ಮೇಲೆ ಬಂದರೆ ಎದೆಯ ಕೆಳಭಾಗ ಒಳಕ್ಕೆ. ಮೂಗಿನ ಹೊಳ್ಳೆ ಅರಳುತ್ತಿತ್ತು. ನಮ್ಮ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ‘ಪಕ್ಕೆ ಸೆಳೆತ ಕಂಡರೆ ಕಾಯಬೇಡಿ’ ಎಂದು ಹೇಳಿಹೋಗುತ್ತಾರೆ. ನನಗೂ ಹೇಳಿದ್ದರು. ಓದಿದವಳು, ನನಗೆ ಗೊತ್ತಿಲ್ಲದ್ದೇನು ಎಂದು ಅರ್ಧ ಕಿವಿಯಲ್ಲಿ ಕೇಳಿದ್ದೆ.

ಹಾಸನಕ್ಕೆ ನಲವತ್ತು ಕಿಲೋಮೀಟರ್. ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ನೋಟ್‌ಬುಕ್ ತೆರೆದು ಜ್ವರದ ಲೆಕ್ಕ ಒಪ್ಪಿಸುತ್ತಲೇ ಇದ್ದೆ. ಡಾಕ್ಟರಮ್ಮ ಅದನ್ನು ಪಕ್ಕಕ್ಕಿಟ್ಟು, ಕೂಸಿನ ಅಂಗಿ ಎತ್ತಿ, ಕೈಗಡಿಯಾರ ನೋಡುತ್ತ ಎಣಿಸಿದರು. ನಿಮಿಷಕ್ಕೆ ಅರವತ್ತು ದಾಟಿತ್ತು. ಕೆನ್ನೆಗೆ ಪಟ್ಟಿ ಅಂಟಿಸಿ ಆಮ್ಲಜನಕದ ನಳಿಕೆ ಇಟ್ಟರು, ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ ನನ್ನ ಹಾಲನ್ನೇ ಅದರಲ್ಲಿ ಬಿಟ್ಟರು, ಆಗಾಗ ಮೂಗು ಸ್ವಚ್ಛ ಮಾಡಿದರು. ಆಂಟಿಬಯೋಟಿಕ್ ಕೊಡುವುದಿಲ್ಲವೇ ಎಂದು ಮನೆಯವರು ಮತ್ತೆ ಮತ್ತೆ ಕೇಳಿದರು. ಇದು ವೈರಸ್‌ನಿಂದ ಬಂದದ್ದು, ಅದರಿಂದ ಉಪಯೋಗವಿಲ್ಲ ಎಂದರು. ಒಂದು ದಿನ ಮೊದಲೇ ಬಂದಿದ್ದರೆ ಇಷ್ಟು ಸುಸ್ತಾಗುತ್ತಿರಲಿಲ್ಲ ಎಂದೂ ಹೇಳಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಕೂಸು ಚೇತರಿಸಿಕೊಂಡಿತು. ಆದರೆ ಮುಂದಿನ ಒಂದು ವರ್ಷ ಪ್ರತಿ ಶೀತಕ್ಕೂ ಉಬ್ಬಸ ಬಂತು, ಇನ್‌ಹೇಲರ್ ಮತ್ತು ಅದಕ್ಕೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್, ನಮ್ಮ ಜೊತೆ ಮದುವೆಮನೆಗಳಿಗೂ ಬಂದವು. ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನ ದೊಡ್ಡವಳು ಅಜ್ಜಿಯ ಬಳಿ ಇದ್ದಳು. ಮನೆಗೆ ಬಂದಾಗ ಅಜ್ಜಿಯ ಸೆರಗು ಬಿಡಲಿಲ್ಲ. ಪಾಪುವಿಗೆ ಶೀತ ಕೊಟ್ಟವಳು ತಾನೇ ಎಂದು ಯಾರೋ ನೆಂಟರು ಅವಳೆದುರೇ ತಮಾಷೆ ಮಾಡಿದ್ದರಂತೆ. ಮೂರು ವರ್ಷದ ಮಗು ಅದನ್ನು ನಂಬಿಕೊಂಡು ತಮ್ಮನ ತೊಟ್ಟಿಲಿನ ಹತ್ತಿರ ಬರುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿತ್ತು. ನಿಮ್ಮ ಮನೆಗೆ ಬಂದುಹೋಗುವವರ ಬಾಯಿಯನ್ನೂ ಸ್ವಲ್ಪ ಹಿಡಿತದಲ್ಲಿಡಿ.

ಹಾಗಾಗಿ ಈಗ ನೀವು ಮಾಡಬೇಕಾದದ್ದು ಇಷ್ಟು. ಕೂಸು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಒಳ್ಳೆಯ ಬೆಳಕಿನಲ್ಲಿ, ಪೂರಾ ಒಂದು ನಿಮಿಷ ಉಸಿರು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಇದ್ದರೆ ವೇಗದ ಉಸಿರಾಟವೆಂದು ಲೆಕ್ಕ. ನಿಮ್ಮ ಕೂಸಿಗೆ 50. ಅಷ್ಟಿದ್ದರೆ ಅದೇ ದಿನ ಡಾಕ್ಟರರಿಗೆ ತೋರಿಸಿ. ಪಕ್ಕೆ ಸೆಳೆತ, ಉಸಿರಾಡುವಾಗ ನರಳುವ ಸದ್ದು, ತುಟಿ ನೀಲಿಯಾಗುವುದು, ನಡುವೆ ಉಸಿರು ನಿಂತಂತಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನಬೇಡಿ, 108ಕ್ಕೆ ಕರೆ ಮಾಡಿ. ಹಾಲು ಎಂದಿಗಿಂತ ಅರ್ಧಕ್ಕಿಳಿದರೆ, ಮೂತ್ರ ಕಡಿಮೆಯಾದರೆ ಅದೂ ಅದೇ ದಿನ ತೋರಿಸಬೇಕಾದ ವಿಷಯ. ದೊಡ್ಡವರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಅಂಕಿ ನೋಡಿ ಸಮಾಧಾನಪಡಬೇಡಿ, ಕೂಸಿನ ಬೆರಳಿಗೆ ಅದು ನೆಚ್ಚಿಕೆಯದಲ್ಲ.

ಕೊಡುವುದರ ಬಗ್ಗೆ ಕೇಳಿದಿರಿ, ಕೊಡಬಾರದ್ದನ್ನು ಹೇಳುತ್ತೇನೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ, ನಾಲಿಗೆಗೆ ಸವರುವಷ್ಟೂ ಬೇಡ. ಕೆಮ್ಮಿನ ಸಿರಪ್ ಬೇಡ. ಮಧ್ಯಪ್ರದೇಶದಲ್ಲಿ ವಿಷಬೆರೆತ ಸಿರಪ್ ಕುಡಿದು ಮಕ್ಕಳು ತೀರಿಹೋದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರವೇ ಎರಡು ವರ್ಷದೊಳಗಿನವರಿಗೆ ಕೊಡಬೇಡಿ ಎಂದು ಸೂಚಿಸಿದೆ. ಕುದಿಯುವ ನೀರಿನ ಪಾತ್ರೆಯ ಹಬೆ ಬೇಡ, ಸುಟ್ಟುಕೊಂಡ ಮಕ್ಕಳನ್ನು ಅದೇ ವಾರ್ಡಿನಲ್ಲಿ ನೋಡಿದ್ದೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿಯ ಮೇಲಿನದನ್ನು ಓದಿ: ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇದ್ದರೆ, ಸಿರಪ್‌ನ ಐದು ಮಿಲಿಲೀಟರಿನಲ್ಲಿ 120 ಅಥವಾ 250 ಇರುತ್ತದೆ. ಅಕ್ಕನ ಸಿರಪ್‌ನ ಅಳತೆಯಲ್ಲಿ ತಮ್ಮನ ಡ್ರಾಪ್ಸ್ ಹಾಕಿದರೆ ಅನಾಹುತ. ಮೂಗು ಕಟ್ಟಿದ್ದಕ್ಕೆ ಹಾಲು ಕುಡಿಸುವ ಮೊದಲು ಸಲೈನ್ ಹನಿ ಹಾಕಿ, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ. ಇಷ್ಟೇ.

ಸಾಂಬ್ರಾಣಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಕೂಸಿಗೆ ಹೊಗೆ ಹಾಕದೆ ಬಾಣಂತನ ಮಾಡಿದ್ದು ನಾನು ಕಂಡಿಲ್ಲ ಎಂದರು ಅತ್ತೆ. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ಡಾಕ್ಟರಮ್ಮನೇ ಅವರನ್ನು ಕೂರಿಸಿಕೊಂಡು, ‘ಅಜ್ಜಿ, ಇವನ ಎದೆ ಈಗ ಹೊಗೆ ತಡೆಯುವುದಿಲ್ಲ’ ಎಂದ ಮೇಲೆ ಧೂಪ ದೇವರ ಕೋಣೆಗೆ ಹೋಯಿತು, ಬಾಗಿಲೂ ಮುಚ್ಚಿತು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಡಾಕ್ಟರರ ಬಾಯಿಂದಲೇ ಹೇಳಿಸಿ, ಸೊಸೆಯ ಬಾಯಿಂದ ಬೇಡ. ಸೊಳ್ಳೆಬತ್ತಿ, ಬೀಡಿ, ಬಚ್ಚಲೊಲೆ ಇವಕ್ಕೂ ಇದೇ ಮಾತು.

ಶಕ್ತಿ ಎಂದು ಏನಾದರೂ ಬೇಕೇ ಬೇಕೆಂದರೆ ಲಸಿಕೆ ಹಾಕಿಸಿ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋಕಾಕಸ್ ಲಸಿಕೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ತಾಯಿ ಕಾರ್ಡ್ ತೆಗೆದು ನೋಡಿ. ಫ್ಲೂ ಲಸಿಕೆಯನ್ನು ಹಣ ಕೊಟ್ಟೇ ಹಾಕಿಸಬೇಕು, ಆರು ತಿಂಗಳು ತುಂಬಿದ ಮೇಲೆ, ಮೊದಲ ಸಲ ನಾಲ್ಕು ವಾರ ಅಂತರದಲ್ಲಿ ಎರಡು ಡೋಸ್. ನಿಮ್ಮ ಕೂಸಿಗೆ ಇನ್ನೂ ಆಗುವುದಿಲ್ಲ, ಆದ್ದರಿಂದ ಉಳಿದವರೆಲ್ಲ ಹಾಕಿಸಿಕೊಳ್ಳಿ. ಪುಡಿಯ ಡಬ್ಬಕ್ಕೆ ಕೊಡುವ ದುಡ್ಡು ಅದಕ್ಕಾಗಲಿ.

ಶಾಲೆ ಬಿಡಿಸಬೇಡಿ. ಈಗ ಬಿಡಿಸಿದರೆ ಇದೇ ಕಾಯಿಲೆಗಳು ಒಂದನೆಯ ತರಗತಿಯಲ್ಲಿ ಬರುತ್ತವೆ. ಆದರೆ ಕೂಸಿಗೆ ಆರೇಳು ತಿಂಗಳಾಗುವವರೆಗೆ, ಶಾಲೆಯಲ್ಲಿ ಕೆಮ್ಮು ಹಬ್ಬಿದ ವಾರಗಳಲ್ಲಿ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ದೊಡ್ಡದನ್ನು ಉಳಿಸಿಕೊಳ್ಳಿ. ಬೆಳಗ್ಗೆ ಜ್ವರದ ಔಷಧ ಕುಡಿಸಿ ಶಾಲೆಗೆ ಬಿಟ್ಟುಬರುವ ಕೆಲಸವನ್ನಂತೂ ಮಾಡಬೇಡಿ. ನಮ್ಮ ಮನೆಗೆ ಅದು ಬಂದದ್ದು ಹಾಗೆ ಬಿಟ್ಟುಹೋದ ಯಾರದೋ ಮಗುವಿನಿಂದ ಇರಬಹುದು, ನಮ್ಮಿಂದ ಇನ್ನಾರಿಗೋ ಹೋಗಿರಲೂಬಹುದು.

ರಾತ್ರಿಯನ್ನು ಇಬ್ಬರೂ ಹಂಚಿಕೊಳ್ಳಿ. ಎರಡು ಗಂಟೆಯವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು, ಎದ್ದಿರುವವರು ಎಣಿಸಬೇಕು. ನೀವು ರಾಜ್ಯ ಸರ್ಕಾರಿ ನೌಕರರಾಗಿದ್ದರೆ ತಾಯಂದಿರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆ ಇದೆ, ಮುಖ್ಯೋಪಾಧ್ಯಾಯರ ಮುಖ ನೋಡಿ ಹಿಂಜರಿಯಬೇಡಿ. ನಾನು ಹಿಂಜರಿಯಲಿಲ್ಲ.

ಕೂಸಿನ ಉಸಿರು ಎಷ್ಟಿದೆ, ಹಾಲು ಹೇಗೆ ಕುಡಿಯುತ್ತಿದೆ ಎಂದು ನೀವು ಪ್ರಶ್ನೆಯಲ್ಲಿ ಬರೆದಿಲ್ಲ. ಇದನ್ನು ಓದಿದ ಕೂಡಲೇ ಹೋಗಿ ಎಣಿಸಿ. ಮೆಣಸಿನ ಕಷಾಯ ಮಾಡಿಟ್ಟಿದ್ದರೆ ನೀವೇ ಕುಡಿಯಿರಿ, ನಿಮ್ಮ ಗಂಟಲೂ ಕಟ್ಟಿರುತ್ತದೆ.