ಹುಕ್ ತಪ್ಪಿಸಿ ಕಮಿಟ್ ಮಾಡುತ್ತಿದ್ದೇನೆ, ಏನು ಮಾಡಲಿ?

ಪ್ರಶ್ನೆ: ಬಹಳ ವರ್ಷಗಳಿಂದ ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಈಕ್ವಲ್ ಚಿಹ್ನೆಗಳೆಲ್ಲ ಒಂದೇ ನೇರಕ್ಕೆ ಬರುವಂತೆ ಜೋಡಿಸುವುದು ನನ್ನ ಅಭ್ಯಾಸ. ಈಗ ನಮ್ಮ ಲೀಡ್ ಯಾರನ್ನೂ ಕೇಳದೆ ‘ಬ್ಲ್ಯಾಕ್’ ಫಾರ್ಮ್ಯಾಟರ್ ತಂದಿದ್ದಾರೆ, ಅಂದರೆ ಎಲ್ಲರ ಕೋಡನ್ನೂ ತಾನೇ ಒಂದೇ ಶೈಲಿಗೆ ಜೋಡಿಸುವ ಟೂಲ್. ಬದಲಾವಣೆಗಳನ್ನು ಗಿಟ್‌ನಲ್ಲಿ (ಕೋಡ್‌ನ ಇತಿಹಾಸ ಇಡುವ ಟೂಲ್) ದಾಖಲಿಸುವಾಗ, ಅಂದರೆ ಕಮಿಟ್ ಮಾಡುವಾಗ, ಬ್ಲ್ಯಾಕ್ ತಾನಾಗಿ ಓಡುವಂತೆ ಒಂದು ಹುಕ್ ಇದೆ. ನಾನು ಗುಟ್ಟಾಗಿ ಆ ಹುಕ್ ತಪ್ಪಿಸಿ ಕಮಿಟ್ ಮಾಡುತ್ತಿದ್ದೇನೆ. ಮೊನ್ನೆ ಜೂನಿಯರ್ ಒಬ್ಬ, ‘ಸರ್, ನಿಮ್ಮ ಫೈಲ್ ಸೇವ್ ಮಾಡಿದರೆ ನಾನು ಮುಟ್ಟದ ಸಾಲುಗಳೂ ಬದಲಾಗುತ್ತವೆ, ಯಾಕೆ?’ ಎಂದ. ಏನೋ ಹೇಳಿ ಜಾರಿಕೊಂಡೆ.

ಉತ್ತರ: ಮೊದಲು ಆ ಹುಡುಗನಿಗೆ ನಿಜ ಹೇಳಿ. ಇವತ್ತೇ. ತನ್ನ ಎಡಿಟರ್ ಕೆಟ್ಟಿದೆಯೇನೋ ಎಂದು ಅವನು ಸುಮ್ನೆ ತಲೆ ಕೆಡಿಸಿಕೊಂಡಿರಬಹುದು. ನೀವು ಜೋಡಿಸುತ್ತೀರಿ, ಅವನು ಸೇವ್ ಮಾಡಿದ ಕೂಡಲೇ ಬ್ಲ್ಯಾಕ್ ಅದನ್ನು ಬಿಚ್ಚುತ್ತದೆ, ಮತ್ತೆ ನೀವು ಜೋಡಿಸುತ್ತೀರಿ, ಕೊನೆಗೆ ನಿಜವಾಗಿ ಬದಲಾದ ಎರಡು ಸಾಲು ಯಾವುವು ಎಂದು ರಿವ್ಯೂ ಮಾಡುವವರು ಹುಡುಕುತ್ತಾ ಕೂರಬೇಕು.

ನೇರಕ್ಕೆ ಜೋಡಿಸಿದ ಕೋಡ್ ನೋಡಲು ಚೆಂದ, ನನಗೂ ಇಷ್ಟವೇ. ಆದರೆ ನಿಮ್ಮ ಹತ್ತು ಸಾಲಿಗೆ ಯಾರೋ ಉದ್ದ ಹೆಸರಿನ ಇನ್ನೊಂದು ವೇರಿಯಬಲ್ ಸೇರಿಸಿದರೆ ಹತ್ತನ್ನೂ ಸರಿಸಬೇಕು. ಬದಲಾದ ಸಾಲುಗಳನ್ನು ತೋರಿಸುವ ಡಿಫ್‌ನಲ್ಲಿ ಹನ್ನೊಂದು ಸಾಲು ಬದಲಾದಂತೆ ಕಾಣುತ್ತದೆ, ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಎಂದು ಹೇಳುವ ಬ್ಲೇಮ್ ನೋಡಿದರೆ ಅಷ್ಟೂ ಆ ಬಡಪಾಯಿಯ ತಲೆಗೆ ಬಂದಿರುತ್ತದೆ. ಇದು ನಿಮಗೂ ಗೊತ್ತಿರುವುದೇ ಅಲ್ವಾ?

ಬ್ಲ್ಯಾಕ್ ಮಾಡಿದ್ದೆಲ್ಲ ಸರಿ ಎಂದೇನೂ ಅಲ್ಲ. ಸಾಲಿಗೆ 88 ಅಕ್ಷರ ಎಂಬುದು ಅದನ್ನು ಮಾಡಿದವರು ಇಟ್ಟ ಲೆಕ್ಕ, ಟೀಮ್ ಒಪ್ಪಿದರೆ ಬದಲಿಸಬಹುದು. ಗೋ ಭಾಷೆಯವರ ಫಾರ್ಮ್ಯಾಟರ್ ಶೈಲಿಯೂ ಯಾರಿಗೂ ಅಚ್ಚುಮೆಚ್ಚಲ್ಲ, ಅವರೇ ಹಾಗೆ ತಮಾಷೆ ಮಾಡಿಕೊಳ್ಳುತ್ತಾರೆ, ಆದರೂ ಆ ಟೂಲ್ ಇಲ್ಲದೆ ಅವರಿಗೆ ಆಗುವುದಿಲ್ಲ.

ಹಾಗಂತ ಎಲ್ಲ ಬಿಟ್ಟುಕೊಡಬೇಕಿಲ್ಲ. ಮ್ಯಾಟ್ರಿಕ್ಸ್, ಟೆಸ್ಟ್ ಡೇಟಾದ ಟೇಬಲ್, ಅಂದರೆ ಅಂಕಿಗಳು ನೇರಕ್ಕಿಲ್ಲದಿದ್ದರೆ ತಪ್ಪೇ ಕಣ್ಣಿಗೆ ಬೀಳದಂಥ ಕಡೆ, ಮೇಲೆ ‘# fmt: off’, ಕೆಳಗೆ ‘# fmt: on’ ಕಾಮೆಂಟ್ ಹಾಕಿ. ನಡುವಿನದನ್ನು ಬ್ಲ್ಯಾಕ್ ಮುಟ್ಟುವುದಿಲ್ಲ. ಪ್ರತಿ ಫಂಕ್ಷನ್‌ಗೂ ಹಾಕಬೇಡಿ ಮತ್ತೆ, ಅದೂ ಹುಕ್ ತಪ್ಪಿಸಿದ ಹಾಗೆಯೇ. ಲಿಸ್ಟ್‌ನ ಕೊನೆಯ ಐಟಂ ಆದ ಮೇಲೂ ಒಂದು ಕಾಮಾ ಇಟ್ಟರೆ ಒಂದೊಂದು ಐಟಂ ಒಂದೊಂದು ಸಾಲಿನಲ್ಲೇ ಉಳಿಯುತ್ತದೆ. ಇನ್ನು ಹೆಸರು ಇಡುವುದು, ಫಂಕ್ಷನ್ ಎಲ್ಲಿ ಒಡೆಯಬೇಕೆಂದು ತೀರ್ಮಾನಿಸುವುದು ಇವತ್ತಿಗೂ ನಿಮ್ಮ ಕೈಯಲ್ಲೇ ಇದೆ.

ನಿಮ್ಮ ಹಳೇ ಫೈಲ್‌ಗಳನ್ನೆಲ್ಲ ಒಂದೇ ಕಮಿಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಅದಕ್ಕೆ ಬೇರೇನೂ ಬೆರೆಸಬೇಡಿ. 2019ರಲ್ಲಿ ಬಂದ ಗಿಟ್ 2.23ರಿಂದ ಇಂಥ ಕಮಿಟ್‌ಗಳ ಐಡಿಯನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟು, ಬ್ಲೇಮ್ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬಹುದು. ಹೆಚ್ಚಿನ ಸಾಲುಗಳಿಗೆ ಮೊದಲು ಬರೆದವರ ಹೆಸರೇ ಕಾಣುತ್ತದೆ.

ಯಾರನ್ನೂ ಕೇಳದೆ ತಂದರು ಎಂದಿರಲ್ಲ, ಅದು ನ್ಯಾಯವಾದ ದೂರು. ಲೀಡ್ ಎದುರು ಕೂತು ಬಾಯಿಬಿಟ್ಟು ಹೇಳಿ. ಹುಕ್ ತಪ್ಪಿಸಿದ್ದನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡಿ, ಇಲ್ಲದಿದ್ದರೆ ಅದು ಹೊರಬಂದ ದಿನ ನಿಮ್ಮ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.