ಕಾನೂನು ಕೇಳಿ: 12 ಗ್ರಾಂಗೆ ಹತ್ತು ವರ್ಷ ಏಕೆ?

ಪ್ರಶ್ನೆ: ನೆರೆಮನೆಯ ಹುಡುಗ 12 ಗ್ರಾಂ ಎಂಡಿಎಂಎ (ರಾಸಾಯನಿಕ ಮಾದಕ) ಜತೆ ಸಿಕ್ಕಿಬಿದ್ದು ಮಂಗಳೂರು ಜೈಲಿನಲ್ಲಿದ್ದಾನೆ, ಜಾಮೀನು ಆಗುತ್ತಿಲ್ಲ. 15 ಕೆ.ಜಿ. ಗಾಂಜಾ ಸಾಗಿಸಿದವನು ಹೊರಗಿದ್ದಾನೆ. ಇದು ಯಾವ ನ್ಯಾಯ? ಪುಡಿಗೆ ಬೇರೇನೋ ಬೆರೆಸಿತ್ತಂತೆ, ಅದನ್ನು ಕಳೆಯಬೇಡವೇ?
– ಓದುಗರು, ಮೂಲ್ಕಿ

ಉತ್ತರ: ಈ ಕೇಸುಗಳಲ್ಲಿ ಮೊದಲು ನೋಡುವುದು ತೂಕ, ಆದರೆ ಒಂದೊಂದು ಮಾದಕಕ್ಕೆ ಒಂದೊಂದು ಗೆರೆ. ಎನ್‌ಡಿಪಿಎಸ್ (ಮಾದಕ ವಸ್ತು ನಿಗ್ರಹ) ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾದ ಮೇಲೆ ಅಲ್ಪ, ಮಧ್ಯಮ, ವಾಣಿಜ್ಯ ಎಂದು ಮೂರು ಹಂತಗಳಿವೆ. ಗಾಂಜಾ 20 ಕೆ.ಜಿ., ಹೆರಾಯಿನ್ 250 ಗ್ರಾಂ, ಕೊಕೇನ್ 100 ಗ್ರಾಂ, ಎಂಡಿಎಂಎ ಬರೇ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಆಗ 10ರಿಂದ 20 ವರ್ಷ ಕಠಿಣ ಸಜೆ, ಜತೆಗೆ ಒಂದರಿಂದ ಎರಡು ಲಕ್ಷ ದಂಡ. ಹತ್ತು ವರ್ಷಕ್ಕಿಂತ ಕೆಳಗಿಳಿಯುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. 15 ಕೆ.ಜಿ. ಗಾಂಜಾ ಮಧ್ಯಮ ಹಂತ: ಗರಿಷ್ಠ 10 ವರ್ಷ, ಕನಿಷ್ಠ ಎಂಬುದಿಲ್ಲ. 37ನೇ ಕಲಮಿನ ಜಾಮೀನು ಬಿಗಿಯೂ ಅವನಿಗೆ ತಾಗುವುದಿಲ್ಲ. ನಿಮ್ಮ ಹುಡುಗನ ವಿಷಯದಲ್ಲಾದರೆ, ಅವನು ತಪ್ಪಿತಸ್ಥನಲ್ಲ, ಬಿಟ್ಟರೆ ಮತ್ತೆ ಅಂಥದ್ದಕ್ಕೆ ಇಳಿಯಲಾರ ಎಂದು ಎರಡನ್ನೂ ನಂಬಲು ಕೋರ್ಟಿಗೆ ಕಾರಣ ಸಿಗಬೇಕು.

ಬೆರಕೆಯ ವಾದ ಈಗ ನಿಲ್ಲದು. ಶುದ್ಧ ಅಂಶವನ್ನಷ್ಟೇ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು; 2020ರ ಹೀರಾ ಸಿಂಗ್ ತೀರ್ಪು ಅದನ್ನು ತಳ್ಳಿಹಾಕಿ, ಬೆರಕೆ ಸೇರಿ ಒಟ್ಟು ತೂಕವೇ ಲೆಕ್ಕ ಎಂದಿತು. ಪ್ಯಾಕೆಟ್ಟಿನ ತೂಕ ಮಾತ್ರ ಬೇರೆ ಸಂಗತಿ. ಜಿಪ್ ಕವರ್ ಸಮೇತ ತೂಗಿ 10.6 ಗ್ರಾಂ ಎಂದು ಬರೆದಿದ್ದರೆ, ಕವರ್ ಕಳೆದಾಗ ಗೆರೆಯ ಈಚೆ ಬೀಳಬಹುದು. ಹಾಗಾಗಿ ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡಿ: ಸ್ಥಳದ ಮಹಜರು, 52ಎ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ವಶದ ಮಾಲಿನ ಪಟ್ಟಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ. ತೂಕ, ಬಣ್ಣ, ಸೀಲಿನ ಗುರುತು ಮೂರರಲ್ಲೂ ತಾಳೆಯಾಗಬೇಕು. 2022ರ ನಿಯಮದಂತೆ ಮಾದರಿ ಜೋಡಿಯಾಗಿ ತೆಗೆಯಬೇಕು; ಗಾಂಜಾ ಆದರೆ ತಲಾ 24 ಗ್ರಾಂ, ಎಂಡಿಎಂಎ ಆದರೆ 5 ಗ್ರಾಂಗೆ ಕಡಿಮೆಯಿಲ್ಲದಂತೆ. ಆದರೆ 52ಎ ಲೋಪವೊಂದನ್ನೇ ನಂಬಿ ಕೂರಬೇಡಿ. ಅಷ್ಟರಿಂದಲೇ ಕೇಸು ಬಿದ್ದುಹೋಗದು, ವಶಪಡಿಸಿದ ಮಾಲಿನ ಬಗ್ಗೆಯೇ ಅನುಮಾನ ಹುಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ.

ಪ್ರಶ್ನೆ: ಕಾರಿನಲ್ಲಿ ಮೂವರಿದ್ದರು, ಮಾಲು ಇದ್ದದ್ದು ಒಬ್ಬನ ಬ್ಯಾಗಿನಲ್ಲಿ. ಉಳಿದಿಬ್ಬರಿಗೂ ಅಷ್ಟೇ ಶಿಕ್ಷೆಯೇ? ಮೂವರದ್ದೂ ಮೊದಲ ತಪ್ಪು, ವಯಸ್ಸು 21.
– ಓದುಗರು, ಮಣಿಪಾಲ

ಉತ್ತರ: ಒಳಸಂಚು ಸಾಬೀತಾದರೆ 29ನೇ ಕಲಮಿನಂತೆ ಮೂವರಿಗೂ ಒಂದೇ ಶಿಕ್ಷೆ. ಹಣ ಕಳಿಸಿದ ಯುಪಿಐ ದಾಖಲೆ, ಕರೆಗಳ ವಿವರ, ಚಾಟ್ – ಇಂಥವು ಬೇಕು. ಜತೆಯಲ್ಲಿ ಕುಳಿತಿದ್ದ ಎಂಬುದಷ್ಟೇ ಸಾಲದು. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗದು. 2020ರ ತೂಫಾನ್ ಸಿಂಗ್ ತೀರ್ಪು ಅದನ್ನೇ ಹೇಳಿದೆ.

ಮೊದಲ ತಪ್ಪು ಎಂಬ ಮನವಿ 12ರ ಬದಲು 10 ವರ್ಷ ಕೇಳಲು ಉಪಯೋಗಕ್ಕೆ ಬರುತ್ತದೆ, ಅಷ್ಟೇ. ಸಾಗಣೆ, ಮಾರಾಟದ ಕೇಸಿನಲ್ಲಿ 18 ದಾಟಿದವರಿಗೆ ಪ್ರೊಬೇಷನ್ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವುದು) ಇಲ್ಲ. ಕಾಲೇಜಿನ ಆಸುಪಾಸಿನಲ್ಲಿ ಮಾರಿದ್ದರೆ, ಅಪ್ರಾಪ್ತರನ್ನು ಬಳಸಿದ್ದರೆ 32ಬಿ ಕಲಮಿನಂತೆ ಶಿಕ್ಷೆ ಏರಬಹುದು. ಮಣಿಪಾಲದಂಥ ಊರಿನಲ್ಲಿ ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಮತ್ತೆ ಅಂಥದ್ದೇ ಕೇಸಿನಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ ಶಿಕ್ಷೆ ಒಂದೂವರೆ ಪಟ್ಟು, ಅಂದರೆ 15 ವರ್ಷ.

ಪ್ರಶ್ನೆ: ವಿಚಾರಣಾಧೀನನಾಗಿ ಕಳೆದ ಎರಡು ವರ್ಷ ಶಿಕ್ಷೆಯಲ್ಲಿ ಕಳೆಯುತ್ತದೆಯೇ? ಸನ್ನಡತೆಯ ವಿನಾಯಿತಿ?
– ಓದುಗರು, ಕುಂದಾಪುರ

ಉತ್ತರ: ಕಳೆಯುತ್ತದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468ನೇ ಕಲಮು ನೋಡಿ. ಜೈಲಿನಿಂದ ಬಂಧನದ ದಿನಗಳ ಲೆಕ್ಕ ಪಡೆದು ತೀರ್ಪಿನ ದಿನವೇ ಕೋರ್ಟಿಗೆ ಕೊಡಿ. ದಂಡ ಕಟ್ಟದಿದ್ದಕ್ಕೆ ಅನುಭವಿಸಬೇಕಾದ ಹೆಚ್ಚುವರಿ ಸಜೆಗೆ ಈ ಕಡಿತ ಅನ್ವಯಿಸದು. ಸನ್ನಡತೆಯ ವಿನಾಯಿತಿಗೆ ಎನ್‌ಡಿಪಿಎಸ್ ಕಾಯ್ದೆಯ 32ಎ ಕಲಮು ಅಡ್ಡಬರುತ್ತದೆ, ಸ್ವಾತಂತ್ರ್ಯ ದಿನದ ಬಿಡುಗಡೆ ಪಟ್ಟಿಯನ್ನು ಕಾಯಬೇಡಿ. ಹೈಕೋರ್ಟಿಗೆ ಮೇಲ್ಮನವಿ ಹಾಕಿ, ಅದರಲ್ಲೇ ಶಿಕ್ಷೆ ಅಮಾನತು ಕೇಳಬಹುದು.