ಓದುಗರ ಪ್ರಶ್ನೆ: ಚಳಿಗಾಲ ಬಂದರೆ ಟಾಸ್ಮನ್‌ಗೆ!

ಪ್ರಶ್ನೆ: ಜಿಮ್ ಕ್ಲಾರ್ಕ್ ಎರಡು ಸಲ ಫಾರ್ಮುಲಾ ಒನ್ ಚಾಂಪಿಯನ್ ಅಂತ ಗೊತ್ತಿತ್ತು. ಅವರು ಗೆದ್ದ ಪಟ್ಟಿಯಲ್ಲಿ ‘ಟಾಸ್ಮನ್ ಸೀರೀಸ್’ ಅಂತ ಮೂರು ಸಲ ಇದೆ. ಇದೇನು? ಅಷ್ಟು ದೊಡ್ಡ ಡ್ರೈವರ್ ಅಲ್ಲಿಗೆ ಯಾಕೆ ಹೋಗುತ್ತಿದ್ದರು?
- ಓದುಗರೊಬ್ಬರು, ಹಾಸನ

ಉತ್ತರ: ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿ 1964ರಿಂದ 1975ರವರೆಗೆ ನಡೆಸಿದ ರೇಸ್ ಸರಣಿ ಅದು. ಎರಡೂ ದೇಶಗಳ ನಡುವಿನ ಸಮುದ್ರದ ಹೆಸರೇ ಟಾಸ್ಮನ್. ಜನವರಿ, ಫೆಬ್ರವರಿಯಲ್ಲಿ ಯೂರೋಪಿನಲ್ಲಿ ಚಳಿ, ರೇಸ್ ಇಲ್ಲ, ಡ್ರೈವರ್‌ಗಳು ಮನೆಯಲ್ಲಿ ಸುಮ್ನೆ ಕೂತಿರಬೇಕು. ಅದೇ ಹೊತ್ತಿಗೆ ಅಲ್ಲಿ ಒಳ್ಳೇ ಬೇಸಿಗೆ. ಹೋಗದೆ ಇರ್ತಾರಾ? ಜೊತೆಗೆ ಎಂಜಿನ್ ಲೆಕ್ಕ. 1961ರಲ್ಲಿ ಫಾರ್ಮುಲಾ ಒನ್ ಎಂಜಿನ್ ಗಾತ್ರದ ಮಿತಿ 2.5 ಲೀಟರ್‌ನಿಂದ 1.5ಕ್ಕೆ ಇಳಿದಾಗ ಹಳೇ ಎಂಜಿನ್‌ಗಳೆಲ್ಲ ಮೂಲೆ ಸೇರಿದ್ದವು. ಟಾಸ್ಮನ್‌ನವರು ಆ 2.5 ಲೀಟರನ್ನೇ ಇಟ್ಟುಕೊಂಡರು. ಹಾಗಾಗಿ ಮೊದಮೊದಲು ಫಾರ್ಮುಲಾ ಒನ್ ಕಾರಿಗಿಂತ ಇಲ್ಲಿನ ಕಾರಿಗೇ ದಮ್ಮು ಜಾಸ್ತಿ!

ಮೊದಲ ವರ್ಷ ಗೆದ್ದವರು ಬ್ರೂಸ್ ಮೆಕ್ಲಾರೆನ್. ಇವತ್ತಿನ ಮೆಕ್ಲಾರೆನ್ ತಂಡ ಕಟ್ಟಿದವರೇ ಅವರು. ಆ ತಂಡ ಎರಡು ಕೂಪರ್ ಕಾರು ಹಿಡಿದು ಮೊದಲು ಕಣಕ್ಕಿಳಿದದ್ದೇ ಇಲ್ಲಿ. ಎರಡನೇ ಕಾರು ಓಡಿಸುತ್ತಿದ್ದ ಅಮೆರಿಕದ ಟಿಮ್ಮಿ ಮೇಯರ್ ಲಾಂಗ್‌ಫರ್ಡ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಸತ್ತರು. ಲಾಂಗ್‌ಫರ್ಡ್ ಅಂದರೆ ಟ್ರ್ಯಾಕ್ ಅಲ್ಲ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಊರ ರಸ್ತೆ. ಹೊಲಗಳ ಪಕ್ಕ ಹೋಗಿ, ಮರದ ಸೇತುವೆ ದಾಟಿ, ಪಬ್ ಪಕ್ಕ ತಿರುಗಿ, ರೈಲು ಹಳಿಯ ಮೇಲೂ ಹಾರಿಕೊಂಡು ಹೋಗಬೇಕಿತ್ತು. 1968ರಲ್ಲಿ ಅಲ್ಲಿ ಮಳೆ ಹೊಡೆದಾಗ ಪಿಯರ್ಸ್ ಕರೇಜ್ ಅನ್ನುವವರು 1.6 ಲೀಟರ್‌ನ ಪುಟ್ಟ ಕಾರಲ್ಲಿ ದೊಡ್ಡ ದೊಡ್ಡವರನ್ನೆಲ್ಲ ಹಿಂದೆ ಹಾಕಿ ಗೆದ್ದರು.

ಕ್ಲಾರ್ಕ್ ಗೆದ್ದದ್ದು 1965, 1967, 1968ರಲ್ಲಿ. 1968ರ ಜನವರಿ 1ಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಗ್ರಾನ್ ಪ್ರಿ (ಫಾರ್ಮುಲಾ ಒನ್ ರೇಸ್) ಗೆದ್ದರು, 6ಕ್ಕೆ ನ್ಯೂಜಿಲೆಂಡಿನ ಪುಕೆಕೊಹೆಯಲ್ಲಿ ಮತ್ತೆ ರೇಸ್. ಆ ವರ್ಷದ ಟಾಸ್ಮನ್ನೇ ಅವರು ಗೆದ್ದ ಕೊನೆಯ ಚಾಂಪಿಯನ್‌ಶಿಪ್. ಏಪ್ರಿಲ್‌ನಲ್ಲಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ತೀರಿಕೊಂಡರು.

ಪ್ರಶ್ನೆ: ಅಷ್ಟು ಚೆನ್ನಾಗಿದ್ದದ್ದು ನಿಂತದ್ದು ಯಾಕೆ?
- ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ಯೂರೋಪಿನವರಿಗೆ ಬಿಡುವು ತಪ್ಪಿತು. 1972ರಿಂದ ಜನವರಿಯಲ್ಲೇ ಅರ್ಜೆಂಟೀನಾ ಗ್ರಾನ್ ಪ್ರಿ ಮತ್ತೆ ಶುರುವಾಯಿತು, ಮರುವರ್ಷ ಬ್ರೆಜಿಲ್ ಕೂಡ ಸೇರಿಕೊಂಡಿತು. ಇತ್ತ 1970ರಿಂದ ಟಾಸ್ಮನ್‌ಗೆ 5 ಲೀಟರ್‌ನ ವಿ8 (ಎಂಟು ಸಿಲಿಂಡರ್ ಎಂಜಿನ್) ಕಾರುಗಳನ್ನೂ ಬಿಟ್ಟುಕೊಂಡರು. ನನಗೆ ಇಷ್ಟವಾದ ಕಥೆ ಆ ವರ್ಷದ್ದೇ. ಕ್ರಿಸ್ ಏಮನ್ 1969ರಲ್ಲಿ ಚಾಂಪಿಯನ್ ಆದ 2.4 ಲೀಟರ್ ಫೆರಾರಿಯನ್ನು ನ್ಯೂಜಿಲೆಂಡಿನ ಗ್ರೇಮ್ ಲಾರೆನ್ಸ್ ಕೊಂಡುಕೊಂಡರು. ಸೆಕೆಂಡ್ ಹ್ಯಾಂಡ್ ಗಾಡಿ! ಅದರಲ್ಲೇ ಆ ವಿ8ಗಳನ್ನು ಸೋಲಿಸಿ ಚಾಂಪಿಯನ್ ಆದರು. 1976ರಿಂದ ಎರಡೂ ದೇಶಗಳು ಬೇರೆಬೇರೆಯಾಗಿ ರೇಸ್ ನಡೆಸಿದವು.